ಎದೆಗಿಟ್ಟ ಪತ್ರಿಕೆ

ನನ್ನ ಜೀವಮಾನದ ಒಂದೇ ಒಂದು ಪ್ರೇಮಪತ್ರವನ್ನು ಸಿಲ್ವಾನೊ ಹದಿನಾರು ಕಿಲೋಮೀಟರ್ ದೂರ ಎದೆಗೆ ಅವುಚಿಕೊಂಡು ಹೋದ. ಇಷ್ಟು ಕೇಳಿದರೆ ಯಾರಿಗಾದರೂ ಹೊಟ್ಟೆಕಿಚ್ಚಾಗಬೇಕು. ಓದಿದನೇ ಎಂದು ಮಾತ್ರ ಈಗಲೇ ಕೇಳಬೇಡಿ.

ತ್ರೆಪಿಯೆತ್ರೆ ಘಾಟಿಯ ನೆತ್ತಿಯಲ್ಲಿ ಹನ್ನೊಂದು ವರ್ಷ ಬಾರು ನಡೆಸಿದವಳು ನಾನು, ದೆಲ್ಫಿನಾ. ನಮ್ಮ ಲಿಗೂರಿಯಾದ ಬೆಟ್ಟಗಳಲ್ಲಿ ಬಾರು ಎಂದರೆ ಕಾಫಿ, ವೈನು, ಅಂಚೆಚೀಟಿ, ಪತ್ರಿಕೆ, ಪರರ ಮನೆಯ ಸುದ್ದಿ ಎಲ್ಲವೂ ಸಿಗುವ ಒಂದೇ ಕೋಣೆ. ಆ ದಾರಿಯಲ್ಲಿ ಗಂಟೆಗೊಂದು ವಾಹನ ಬಂದರೆ ಹೆಚ್ಚು. ಬೆಳಿಗ್ಗೆ ಬ್ರೆಡ್ಡಿನ ವ್ಯಾನು, ಆಮೇಲೆ ಅಂಚೆಯವನು, ಆಮೇಲೆ ಮೋಡ. ಹಾಗಾಗಿ ನನ್ನ ಕಿವಿ ಚುರುಕಾಗಿತ್ತು. ಭಾನುವಾರ ಹನ್ನೊಂದರ ಹೊತ್ತಿಗೆ ಸಮುದ್ರದ ಕಡೆಯಿಂದ, ಆಲಿವ್ ತೋಟಗಳ ನಡುವೆ, ಸೈಕಲ್ಲುಗಳು ಹತ್ತಿ ಬರುವಾಗ ಮೂರು ತಿರುವು ಕೆಳಗಿರುವಾಗಲೇ ಯಾರು ಯಾರೆಂದು ಹೇಳಬಲ್ಲವಳಾಗಿದ್ದೆ. ಏದುಸಿರಿನ ನಡುವೆಯೂ ಸರಕಾರವನ್ನು ಬೈಯುತ್ತ ಬರುವವನು ಪಿನೊತ್ತೊ, ನಿವೃತ್ತ ಅಂಚೆಯವ. ಕಿರುಗುಟ್ಟುವ ಎರಡು ಚೈನುಗಳು ಬೇಕರಿಯ ಅಣ್ಣತಮ್ಮಂದಿರವು. ಊರಿಗೆಲ್ಲ ಎಣ್ಣೆ ಸುರಿದು ರೊಟ್ಟಿ ಬೇಯಿಸುವ ಆ ಇಬ್ಬರು ತಮ್ಮ ಚೈನಿಗೆ ಒಂದು ತೊಟ್ಟು ಹಾಕುತ್ತಿರಲಿಲ್ಲ.

ಸದ್ದೇ ಇಲ್ಲದೆ ಬರುವವನು ಸಿಲ್ವಾನೊ.

ನಾಲ್ವರೂ ಕಾಸ್ತೆಲ್ಬ್ರೂನೊದವರು. ಘಾಟಿಯ ಆಚೆ ಬದಿಗೆ ಹದಿನಾರು ಕಿಲೋಮೀಟರ್ ಇಳಿದರೆ ಸಿಗುವ ಊರು ಅದು. ಭಾನುವಾರ ಬೆಳಿಗ್ಗೆ ಸಮುದ್ರದ ಕಡೆ ಸುತ್ತು ಹೊಡೆದು, ಘಾಟಿ ಹತ್ತಿ, ನನ್ನ ಬಾಗಿಲ ಮುಂದಿನಿಂದ ಮನೆಗೆ ಇಳಿಯುತ್ತಿದ್ದರು. ಭೂಕಂಪಕ್ಕೆ ಹೆದರಿ ಒಂದು ಮನೆ ಇನ್ನೊಂದು ಮನೆಯ ಹೆಗಲ ಮೇಲೆ ಕಲ್ಲಿನ ಕಮಾನು ಚಾಚಿ ನಿಂತಿದೆ. ಸಿಲ್ವಾನೊನ ಕಸುಬು ಗೋಡೆ ಕಟ್ಟುವುದು. ಗಾರೆ ಇಲ್ಲ, ಮಣ್ಣಿಲ್ಲ, ಬರೀ ಕಲ್ಲಿಗೆ ಕಲ್ಲು ಕೂರಿಸಿ ಆಲಿವ್ ತೋಟದ ಮೆಟ್ಟಿಲುಗಳನ್ನು ಬೆಟ್ಟಕ್ಕೆ ಆನಿಸಿ ನಿಲ್ಲಿಸುವ ಕೆಲಸ. ಹರೆಯದಲ್ಲಿ ಎರಡು ವರ್ಷ ದೊಡ್ಡ ರೇಸುಗಳಲ್ಲಿ ಸೈಕಲ್ ತುಳಿದಿದ್ದ. ಗೆಲ್ಲಲಿಕ್ಕಲ್ಲ. ನಾಯಕನಿಗೆ ನೀರು ತಂದುಕೊಡಲಿಕ್ಕೆ, ಅವನ ಮುಂದೆ ಹೋಗಿ ಗಾಳಿಗೆ ಎದೆಯೊಡ್ಡಲಿಕ್ಕೆ, ಘಾಟಿಯ ತುದಿ ಕಂಡ ಕೂಡಲೇ ಬದಿಗೆ ಸರಿದು ದಾರಿ ಬಿಡಲಿಕ್ಕೆ. ರೇಸು ಬಿಟ್ಟು ಇಪ್ಪತ್ತು ವರ್ಷವಾದರೂ ಬದಿಗೆ ಸರಿಯುವ ಅಭ್ಯಾಸ ಬಿಟ್ಟಿರಲಿಲ್ಲ. ನನ್ನ ಬಾಗಿಲಲ್ಲೂ ಉಳಿದ ಮೂವರನ್ನು ಒಳಗೆ ಬಿಟ್ಟು ಕೊನೆಗೆ ಬರುತ್ತಿದ್ದ.

ಹತ್ತಿ ಬಂದವರ ಬನಿಯನ್ನು ಬೆವರಿಗೆ ತೊಪ್ಪೆಯಾಗಿರುತ್ತಿತ್ತು. ಹಾಗೇ ಇಳಿದರೆ ಎದೆಗೆ ಗಾಳಿ ಹೊಡೆದು ಸೋಮವಾರ ಹಾಸಿಗೆಯೇ ಗತಿ. ಅದಕ್ಕೆ ಹಿಂದಿನ ದಿನದ ಪತ್ರಿಕೆಯನ್ನು ಮಡಿಸಿ ಬನಿಯನ್ನಿನ ಮೇಲೆ, ಜೆರ್ಸಿಯ ಒಳಗೆ ತುರುಕಿಕೊಂಡು ಇಳಿಯುವುದು ಸೈಕಲ್ಲಿನವರ ಪದ್ಧತಿ. ಮಾರಾಟವಾಗದೆ ಉಳಿದ ಶನಿವಾರದ ಪತ್ರಿಕೆಗಳನ್ನು ನಾನು ಅವರಿಗೆಂದು ಎತ್ತಿಡುತ್ತಿದ್ದೆ. ಪಿನೊತ್ತೊಗೆ ಎದುರು ಪಕ್ಷದ ಪತ್ರಿಕೆಯೇ ಆಗಬೇಕು. ಸ್ವಂತ ಪಕ್ಷಕ್ಕೆ ಬೆವರು ಬಳಿಯಲು ಅವನಿಗೆ ಮನಸ್ಸಿಲ್ಲ. ಸಿಲ್ವಾನೊಗೆ ಹವಾಮಾನದ ಪುಟ. ಅದನ್ನು ನಾಲ್ಕು ಮಡಿಕೆ ಮಾಡಿ, ಕಾಫಿ ಯಂತ್ರದ ನೆತ್ತಿಯ ಮೇಲೆ, ಕಪ್ಪುಗಳನ್ನು ಬೆಚ್ಚಗಿಡುವ ಜಾಗದಲ್ಲಿ ಇಟ್ಟಿರುತ್ತಿದ್ದೆ.

"ಏನಮ್ಮ ದೆಲ್ಫಿನಾ, ನನ್ನ ಪೇಪರು ಮಾತ್ರ ಯಾಕೆ ತಣ್ಣಗಿದೆ?" ಎಂದು ಪಿನೊತ್ತೊ ಒಂದು ದಿನ ಕೇಳಿಯೇಬಿಟ್ಟ.

"ನಿಮ್ಮದು ರಾಜಕೀಯ. ತಾನಾಗೇ ಬಿಸಿ ಇರುತ್ತೆ."

"ಅವನದು?"

"ಹವಾಮಾನ."

ಬೇಕರಿಯ ಅಣ್ಣ ನಕ್ಕ. ತಮ್ಮ, ಅಣ್ಣ ನಕ್ಕಿದ್ದನ್ನು ನೋಡಿಕೊಂಡು ನಕ್ಕ. ಸಿಲ್ವಾನೊನ ಕಿವಿ ಕೆಂಪಾಯಿತು. ಹಾಗೆ ಕೆಂಪಾಗುವ ಕಿವಿಗಳನ್ನು ನಲವತ್ತನಾಲ್ಕರ ಗಂಡಸಿಗೆ ಯಾರು ಕೊಟ್ಟರೋ. ಉಳಿದವರು ಹೊರಗೆ ಹೋದ ಮೇಲೆ ಪತ್ರಿಕೆ ತುರುಕಿಕೊಳ್ಳುತ್ತ, ಜಿಪ್ಪಿನ ಕಡೆಗೇ ಕಣ್ಣಿಟ್ಟು, "ಏಳನೇ ತಿರುವಿನವರೆಗೂ ಇರುತ್ತೆ," ಎಂದ.

"ಏನು?"

"ಬಿಸಿ."

"ಆಮೇಲೆ?"

ಜಿಪ್ಪನ್ನು ಕೊರಳವರೆಗೆ ಎಳೆದ. "ಆಮೇಲೆ ಮುಂದಿನ ಭಾನುವಾರ."

ಹನ್ನೊಂದು ವರ್ಷದಲ್ಲಿ ಅವನು ನನ್ನೊಡನೆ ಆಡಿದ ಅತ್ಯಂತ ಉದ್ದದ ಪ್ರೇಮಸಲ್ಲಾಪ ಇದು. ನಾನು ಅದನ್ನು ಆರು ವರ್ಷ ಉಂಡೆ.

ಹನ್ನೊಂದನೇ ವರ್ಷದ ವಸಂತದಲ್ಲಿ ಬಾರಿನ ಹಿಂದಿನ ಗೋಡೆ ಕುಸಿಯಿತು. ಕಟ್ಟಡ ಪಂಚಾಯಿತಿಯದು. ಅವರು ಸಿಲ್ವಾನೊನನ್ನು ಕಳಿಸಿದರು. ಒಂದು ವಾರದ ಕೆಲಸ. ಜೂನಿನಲ್ಲಿ ಶುರು ಮಾಡಿದವನು ಅಕ್ಟೋಬರಿಗೂ ಕಟ್ಟುತ್ತಿದ್ದ. ಬುಧವಾರ ಬರುತ್ತಿದ್ದ, ಕೆಲವು ಸಲ ಗುರುವಾರವೂ. ನಾಲ್ಕು ಕಲ್ಲು ಕೂರಿಸುತ್ತಿದ್ದ, ಎರಡು ಕಲ್ಲು ತೆಗೆಯುತ್ತಿದ್ದ. "ಚೀನಾದಲ್ಲಿ ಇದಕ್ಕಿಂತ ಬೇಗ ಮುಗಿಸಿದ್ರಂತೆ," ಎಂದು ಪಿನೊತ್ತೊ ವರದಿ ಒಪ್ಪಿಸಿದ. ನಾನು ಪಾತ್ರೆ ಒರೆಸುವ ನೆಪದಲ್ಲಿ ಹಿಂದಿನ ಬಾಗಿಲಲ್ಲಿ ನಿಲ್ಲುತ್ತಿದ್ದೆ. ನನ್ನಲ್ಲಿದ್ದದ್ದು ಹನ್ನೆರಡು ಕಪ್ಪು. ಎಲ್ಲವೂ ಹೊಳೆಯುತ್ತಿದ್ದವು.

ಒಂದು ಬೂದುಬಣ್ಣದ ಕಲ್ಲನ್ನು ಅವನು ಪ್ರತಿ ವಾರ ಎತ್ತಿ, ತಿರುಗಿಸಿ, ಮತ್ತೆ ಕೆಳಗಿಡುತ್ತಿದ್ದ.

"ಅದರಲ್ಲೇನು ತಪ್ಪಿದೆ?" ಎಂದೆ.

"ತಪ್ಪೇನಿಲ್ಲ. ಅದರ ಜಾಗ ಇನ್ನೂ ಬಂದಿಲ್ಲ."

"ಯಾವಾಗ ಬರುತ್ತೆ?"

"ಅದು ಕಲ್ಲಿಗೂ ಗೊತ್ತಿರಲ್ಲ."

"ಕಟ್ಟೋರಿಗೆ ಗೊತ್ತಿರಬೇಕಲ್ಲ."

ಅವನು ತಲೆಯೆತ್ತಿ ನೋಡಿದ. ಆ ನೋಟವನ್ನು ಏನೆಂದು ಬರೆಯಲಿ. ಬಾಟಲಿ ಹೊತ್ತು ತಂದವನು ನಾಯಕನ ಪಕ್ಕಕ್ಕೆ ಬಂದು, ಕೈ ಚಾಚಿ, ಅವನಾಗಿ ತೆಗೆದುಕೊಳ್ಳಲಿ ಎಂದು ಕಾಯುವ ನೋಟ. "ಗೊತ್ತಿರಬೇಕು," ಎಂದು ಒಪ್ಪಿಕೊಂಡು ಮತ್ತೆ ಕಲ್ಲಿಗೆ ಬಗ್ಗಿದ.

ನಮ್ಮಲ್ಲಿ ಗೇಣಿ, ಬಾಡಿಗೆ, ಕರಾರುಗಳೆಲ್ಲ ಸಾನ್ ಮಾರ್ತಿನೊ ಹಬ್ಬಕ್ಕೆ, ನವೆಂಬರ್ ಹನ್ನೊಂದಕ್ಕೆ, ಮುಗಿಯುತ್ತವೆ. ಇರುವವರು ಹೊಸ ಕಾಗದಕ್ಕೆ ಸಹಿ ಹಾಕಬೇಕು, ಹೋಗುವವರು ಹಾಸಿಗೆ ಕಟ್ಟಬೇಕು. ಅಕ್ಟೋಬರಿನಲ್ಲಿ ಪಂಚಾಯಿತಿಯಿಂದ ಕಾಗದ ಬಂತು. ಸಹಿ ಹಾಕಿದರೆ ಇನ್ನು ಒಂಬತ್ತು ವರ್ಷ. ಅದೇ ವಾರ ಕರಾವಳಿಯ ಜೆನೊವಾ ನಗರದಿಂದ ನನ್ನ ಚಿಕ್ಕಮ್ಮನ ಮಗಳು ಬರೆದಳು. ಅವಳ ಪತ್ರಿಕೆ ಅಂಗಡಿಗೆ ಜೊತೆಗೊಬ್ಬರು ಬೇಕು, ಬರುತ್ತೀಯಾ ಎಂದು. ನನಗೆ ನಲವತ್ತೊಂದು. ಇನ್ನೊಂಬತ್ತು ವರ್ಷ ಆ ತುದಿಯಲ್ಲಿ ಒಬ್ಬಳೇ ಮೋಡಕ್ಕೆ ಕಾಫಿ ಮಾಡಿಕೊಂಡಿರಲು ನನ್ನಿಂದಾಗದು. ಅವನು ಇರು ಎಂದರೆ ತೊಂಬತ್ತು ವರ್ಷ ಇರಬಲ್ಲೆ.

ಕೇಳಬಹುದಿತ್ತು. ಬಾಯಿ ಇತ್ತು, ಬುಧವಾರಗಳಿದ್ದವು. ಆದರೆ ನಾವು ಲಿಗೂರಿಯಾದವರು ಗೊಣಗುವುದನ್ನು ಬಿಟ್ಟರೆ ಉಳಿದ ಮಾತನ್ನೆಲ್ಲ ಮದುವೆ ಬಟ್ಟೆಯ ಹಾಗೆ ಪೆಟ್ಟಿಗೆಯಲ್ಲಿಡುವ ಜನ. ಇಷ್ಟ ಎನ್ನುವುದಕ್ಕೆ ನಮ್ಮಲ್ಲಿರುವ ಅತಿ ಬೆಚ್ಚಗಿನ ಮಾತು "ಪರವಾಗಿಲ್ಲ."

ಆದ್ದರಿಂದ ಬರೆದೆ. ಊರಿನ ಶಾಲೆಯಲ್ಲಿ ಚುನಾವಣೆಯ ದಿನ ಮತಗಟ್ಟೆಗೆ ಕೂತಿದ್ದಾಗ ಜೇಬಿಗೆ ಬಂದ ಒಂದು ಪೆನ್ಸಿಲ್ಲಿತ್ತು. ಮತಪತ್ರಕ್ಕೆಂದೇ ಮಾಡಿದ್ದು. ಅಳಿಸಿದರೆ ಅಳಿಯದು, ಒದ್ದೆಯಾದರೆ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಅಳಿಯಬಾರದೆಂದು ಅದನ್ನೇ ಆರಿಸಿದೆ. ಹವಾಮಾನದ ನಕ್ಷೆಯಲ್ಲಿ ಸಮುದ್ರ ಯಾವಾಗಲೂ ಖಾಲಿ ಇರುತ್ತದೆ. ಜೆನೊವಾಕ್ಕೂ ಕೋರ್ಸಿಕಾ ದ್ವೀಪಕ್ಕೂ ನಡುವಿನ ಆ ಖಾಲಿಯಲ್ಲಿ ಸಣ್ಣ ಅಕ್ಷರದಲ್ಲಿ, ಮೊಟ್ಟಮೊದಲ ಸಲ ಅವನನ್ನು ನೀನು ಎಂದು ಕರೆದು, ಬರೆದೆ:

"ಸಿಲ್ವಾನೊ, ನಾನು ಇರುವುದೋ ಹೋಗುವುದೋ ಎಂದು ಸಾನ್ ಮಾರ್ತಿನೊದೊಳಗೆ ಹೇಳಬೇಕು. ನೀನು ಇರು ಎಂದರೆ ಇರುತ್ತೇನೆ. ನೀನು ಮಾತಾಡುವವನಲ್ಲ ಎಂದು ಗೊತ್ತು. ಬರುವ ಭಾನುವಾರ ನಿನ್ನ ಕಾಫಿಗೆ ಸಕ್ಕರೆ ಹಾಕಿಕೋ. ಒಂದು ತುಂಡು ಸಾಕು. ದೆಲ್ಫಿನಾ."

ಅವನು ಯಾವತ್ತೂ ಸಕ್ಕರೆ ಹಾಕಿಕೊಂಡವನಲ್ಲ. ತಟ್ಟೆಯ ಅಂಚಿನಲ್ಲಿ ಇಟ್ಟ ತುಂಡು ಹಾಗೇ ನನ್ನ ಡಬ್ಬಿಗೆ ಮರಳುತ್ತಿತ್ತು.

ಪಿನೊತ್ತೊನ ಕಣ್ಣಿಗೆ ಬೀಳದಿರಲೆಂದು ಬರೆದ ಮುಖವನ್ನು ಹೊರಗೆ ಕಾಣದಂತೆ, ಸಿಲ್ವಾನೊನ ಮೈಯ ಕಡೆಗೆ ಬರುವಂತೆ ಮಡಿಸಿ ಅವನ ಕೈಗೆ ಕೊಟ್ಟೆ. "ಈ ವಾರದ ಹವಾಮಾನ ಸ್ವಲ್ಪ ನೋಡಿ," ಎಂದೆ. ನನ್ನ ಮಟ್ಟಿಗೆ ಅದು ಲಜ್ಜೆಗೆಟ್ಟ ಮಾತು.

"ಮಳೆಯಿದೆಯಾ?"

"ನೀವೇ ನೋಡಿ."

ಅವನು ಅದನ್ನು ಎದೆಗಿಟ್ಟು, ಮೇಲೆ ಜಿಪ್ಪೆಳೆದು, ಒಂದು ಸಲ ಅಂಗೈಯಿಂದ ಒತ್ತಿಕೊಂಡ. ಮೊದಲ ತಿರುವಿನಲ್ಲಿ ಅವನ ಬೆನ್ನು ಬಾಗಿತು. ಎರಡನೆಯದರಲ್ಲಿ ಚೆಸ್ಟ್‌ನಟ್ ಮರಗಳು ಅವನನ್ನು ನುಂಗಿದವು. ಏಳನೇ ತಿರುವನ್ನು ನಾನು ಲೆಕ್ಕದಲ್ಲೇ ಕಂಡೆ.

ಆ ವಾರ ನಾನು ಎರಡು ಕಪ್ಪು ಒಡೆದೆ. ಬುಧವಾರ ಅವನು ಬರಲಿಲ್ಲ. ಮಳೆಯಿತ್ತು. ಹವಾಮಾನದ ಪುಟ ಹೇಳಿದ್ದು ಬಿಸಿಲು.

ಭಾನುವಾರ ಬಂತು. ಮೂರು ತಿರುವು ಕೆಳಗಿಂದ ಚೈನುಗಳ ಸದ್ದು ಬಂತು, ಸರಕಾರದ ಸದ್ದು ಬರಲಿಲ್ಲ. ಕಾರಣ ಬಾಗಿಲಲ್ಲಿ ಗೊತ್ತಾಯಿತು. ಬೆಳಿಗ್ಗೆ ತಿನ್ನದೆ ಹೊರಟಿದ್ದ ಪಿನೊತ್ತೊ ಸುಣ್ಣದ ಗೋಡೆಯ ಬಣ್ಣಕ್ಕೆ ತಿರುಗಿ, ಸಿಲ್ವಾನೊನ ತೋಳಿಗೆ ಜೋತುಬಿದ್ದು ಒಳಗೆ ಬಂದ. ನಾನು ಅವನಿಗೆ ಕುರ್ಚಿ ಕೊಟ್ಟೆ. ಆದರೆ ಕೈಗಳು ಮೊದಲು ಸಿಲ್ವಾನೊನ ಕಾಫಿಯನ್ನೇ ಮಾಡಿದವು. ತಟ್ಟೆಯ ಅಂಚಿನಲ್ಲಿ ಒಂದು ತುಂಡು ಸಕ್ಕರೆ ಇಟ್ಟೆ. ಆ ದಿನ ಅದು ಹಿಮದ ಬೆಟ್ಟದಷ್ಟು ಬೆಳ್ಳಗೆ ಕಾಣುತ್ತಿತ್ತು.

ಅವನು ಕಾಫಿಯನ್ನು ನೋಡಿದ. ನನ್ನನ್ನು ನೋಡಿದ. ಎರಡು ಬೆರಳಲ್ಲಿ ಸಕ್ಕರೆ ಎತ್ತಿಕೊಂಡ.

ಆ ಕ್ಷಣದಲ್ಲಿ ನಾನು ಒಂಬತ್ತು ವರ್ಷದ ಕರಾರಿಗೆ ಸಹಿ ಹಾಕಿ, ಹಿಂದಿನ ಕೋಣೆಗೆ ಸುಣ್ಣ ಬಳಿಸಿ, ಅವನ ಬಟ್ಟೆಗೆ ಎರಡನೇ ಕಪಾಟು ಮಾಡಲು ಬಡಗಿಗೂ ಹೇಳಿ ಮುಗಿಸಿದ್ದೆ.

"ಬಾಯಿ ತೆಗೀರಿ," ಎಂದು ಅವನು ಪಿನೊತ್ತೊನ ಕಡೆ ತಿರುಗಿ, ತುಂಡನ್ನು ಅವನ ನಾಲಿಗೆಯ ಮೇಲಿಟ್ಟ. "ಚೀಪಿ. ಮಾತಾಡ್ಬೇಡಿ. ನಿಮಗೆ ಕಷ್ಟ, ಗೊತ್ತು."

ಆಮೇಲೆ ಕಾಫಿಯನ್ನು ಕಹಿಯಾಗಿಯೇ ಕುಡಿದು ಮುಗಿಸಿದ. ಕಪ್ಪು ಕೆಳಗಿಡುತ್ತ, ಅಪರೂಪಕ್ಕೆ ಕಣ್ಣಲ್ಲಿ ಕಣ್ಣಿಟ್ಟು, "ಇವತ್ತಿನ ಕಾಫಿ ಪರವಾಗಿಲ್ಲ," ಎಂದ.

ಇಲ್ಲ ಎನ್ನುವುದನ್ನು ಇದಕ್ಕಿಂತ ಮೆಲ್ಲಗೆ ಹೇಳಲು ಯಾವ ಗಂಡಸಿಗೂ ಸಾಧ್ಯವಿಲ್ಲ ಎಂದುಕೊಂಡೆ. ಬೇಡವಾದದ್ದನ್ನು ಬಿಸಾಡಲಿಲ್ಲ, ಹಸಿದವರಿಗೆ ಕೊಟ್ಟ. ಸೋಮವಾರ ಜೆನೊವಾಕ್ಕೆ ಬರುತ್ತೇನೆಂದು ಬರೆದೆ. ಮಂಗಳವಾರ ಪಂಚಾಯಿತಿಗೆ ಬೇಡವೆಂದು ಬರೆದೆ. ಬುಧವಾರದೊಳಗೆ ಊರಿಗೆಲ್ಲ ಗೊತ್ತಾಯಿತು. ಗುರುವಾರ, ಶುಕ್ರವಾರ, ಶನಿವಾರ ಸಿಲ್ವಾನೊ ಬಂದು, ಬೆಳಗಿನಿಂದ ಸಂಜೆಯವರೆಗೆ ತಲೆಯೆತ್ತದೆ, ಐದು ತಿಂಗಳು ಎಳೆದ ಗೋಡೆಯನ್ನು ಮೂರು ದಿನದಲ್ಲಿ ಮುಗಿಸಿದ. ಕೈ ತೊಳೆದುಕೊಳ್ಳಲು ಎಷ್ಟು ಅವಸರ ನೋಡು ಎಂದುಕೊಂಡೆ. ಒಳಗೇ ಇದ್ದು ಕಪ್ಪು ಒರೆಸಿದೆ. ಹತ್ತೇ ಉಳಿದಿದ್ದವು.

ಕೊನೆಯ ಭಾನುವಾರ ಉಳಿದ ಮೂವರು ಅನಗತ್ಯವಾಗಿ ಬೇಗ ಹೊರಗೆ ಹೋಗಿ ಟೈರುಗಳನ್ನು ಒತ್ತಿ ನೋಡುತ್ತ ನಿಂತರು.

"ಹೋಗ್ತೀರಂತೆ," ಎಂದ ಸಿಲ್ವಾನೊ.

"ಹೌದು."

"ಜೆನೊವಾದಲ್ಲಿ ಗಾಳಿ ಜಾಸ್ತಿ."

"ಇಲ್ಲೇನು ಕಮ್ಮಿಯಾ?"

"ಇಲ್ಲಿದು ಗೊತ್ತಿರೋ ಗಾಳಿ."

ಕಾಫಿ ಯಂತ್ರ ಉಸ್ಸೆಂದಿತು. ಅವನು ಟೋಪಿಯನ್ನು ಬಿಚ್ಚಿ, ಒಳಗೆ ನೋಡಿ, ಮತ್ತೆ ಹಾಕಿಕೊಂಡ.

"ನೀವೇ ಬೇಕು ಅಂತ ಹೋಗ್ತಿರೋದು ತಾನೆ?"

"ಮತ್ತಿನ್ಯಾರು ಕಳಿಸ್ತಾರೆ ನನ್ನ."

"ಹಾಗಾದ್ರೆ ಸರಿ," ಎಂದ. ಗಾಳಿಗೆ ಎದೆಯೊಡ್ಡಿ ಎಲ್ಲರನ್ನೂ ತುದಿಯವರೆಗೆ ತಂದು, ತುದಿ ಕಂಡ ಕೂಡಲೇ ಬದಿಗೆ ಸರಿದ. "ಗೋಡೆ ನಿಲ್ಲುತ್ತೆ. ಭಯ ಬೇಡ."

ಪತ್ರಿಕೆ ಕೊಟ್ಟೆ. ಆ ದಿನವೂ ಬೆಚ್ಚಗಿಟ್ಟಿದ್ದೆ. ಏನೂ ಬರೆದಿರಲಿಲ್ಲ. ಅವನು ಹೋದ ಮೇಲೆ ಹಿಂದಕ್ಕೆ ಹೋಗಿ ನೋಡಿದೆ. ಗೋಡೆ ಎಳೆದ ಗೆರೆಯಂತೆ ನಿಂತಿತ್ತು. ಆ ಬೂದುಬಣ್ಣದ ಕಲ್ಲು ಅದರಲ್ಲಿ ಇರಲಿಲ್ಲ. ನನ್ನ ಹಿಂಬಾಗಿಲ ಪಕ್ಕ, ಗಾಳಿಗೆ ಬಾಗಿಲು ಬಡಿಯದಂತೆ, ಆನಿಸಿ ಇಟ್ಟಿದ್ದ.

ಸಾನ್ ಮಾರ್ತಿನೊದ ದಿನ ಬ್ರೆಡ್ಡಿನ ವ್ಯಾನಿನಲ್ಲಿ ಕಾಸ್ತೆಲ್ಬ್ರೂನೊಗೆ ಇಳಿದು ಪಂಚಾಯಿತಿಗೆ ಬೀಗದ ಕೈ ಕೊಟ್ಟೆ. ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು. ಕಮಾನುಗಳ ಕೆಳಗೆ ಹಾದು ಹೋಗುವಾಗ, ಇರುವುದೇ ಒಂದು ಬೀದಿಯಾದ್ದರಿಂದ, ಸಿಲ್ವಾನೊನ ಮನೆಯ ಮುಂದೆ ಹೋದೆ. ಅವನ ಅಕ್ಕ ಎರ್ಸಿಲಿಯಾ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ತಾಯಿ ಸತ್ತ ಮೇಲೆ ತಮ್ಮನನ್ನು ಸಾಕಿದವಳು, ಮದುವೆಯಾಗದವಳು. ಚರ್ಚಿನ ಬಟ್ಟೆ ಒಗೆಯುವವಳೂ ಅವಳೇ. ಅವಳ ಕೈಗೆ ಬಿದ್ದ ಕಲೆ ಉಳಿದದ್ದಿಲ್ಲ ಎಂದು ಊರೇ ಹೇಳುತ್ತಿತ್ತು.

ಹಗ್ಗದ ಮೇಲೆ ಒಂದು ಬಿಳಿ ಉಣ್ಣೆ ಬನಿಯನ್ನು. ಎದೆಯ ಮೇಲೆ ನೇರಳೆ ಬಣ್ಣದ ಮಸುಕು. ಹತ್ತಿರ ಹೋದೆ. ಮಸುಕಲ್ಲ, ಅಕ್ಷರ. ಬಲದಿಂದ ಎಡಕ್ಕೆ, ಕನ್ನಡಿಯೊಳಗಿನ ಹಾಗೆ ತಿರುಗಿಕೊಂಡ ನನ್ನದೇ ಅಕ್ಷರ. ಕೌಂಟರಿನ ಈಚೆ ನಿಂತು ಗಿರಾಕಿಗಳ ಪತ್ರಿಕೆಯನ್ನು ಹನ್ನೊಂದು ವರ್ಷ ತಲೆಕೆಳಗಾಗಿ ಓದಿದವಳಿಗೆ ಇದೇನು ಕಷ್ಟವಲ್ಲ. 'ಒಂದು ತುಂಡು ಸಾಕು.'

"ಉಪ್ಪು ಹಾಕಿದೆ," ಎಂದಳು ಎರ್ಸಿಲಿಯಾ, ನಾನು ಕೇಳುವ ಮೊದಲೇ. "ನಿಂಬೆ ಹಾಕಿದೆ. ಹಾಲಲ್ಲಿ ನೆನೆಹಾಕಿದೆ. ಪಾದ್ರಿಗಳ ಕೆಂಪು ವೈನೂ ನನ್ನ ಕೈಲಿ ಉಳಿದಿಲ್ಲ. ಇದು ಹೋಗಲಿಲ್ಲ."

"ಚುನಾವಣೆ ಪೆನ್ಸಿಲ್ಲು ಅದು."

"ಸರಕಾರದ್ದಾ. ಅದಕ್ಕೇ ಇಷ್ಟು ಹಟ."

"ಓದಿದ್ರಾ, ಎರ್ಸಿಲಿಯಕ್ಕ?"

"ಏನು ಕಲೆ ಅಂತ ನೋಡದೆ ಒಗೆಯೋಕಾಗುತ್ತಾ?" ಬನಿಯನ್ನನ್ನು ತೆಗೆದು ಮಡಿಸಿದಳು. ತೋಳುಗಳು ಒಳಕ್ಕೆ, ಅಕ್ಷರ ಒಳಕ್ಕೆ.

"ಅವರು ಓದಿದ್ರಾ?"

"ಅವನು ಬನಿಯನ್ನು ಕಳಚಿದವನೇ ಬುಟ್ಟಿಗೆ ಎಸೀತಾನೆ. ಪೇಪರನ್ನ ಸೇತುವೆ ಹತ್ರ 'ಸರ್' ಅಂತ ಎಳೆದು, ಸೈಕಲ್ಲಿಂದ ಇಳಿಯದೇನೇ ಕಸದ ಡಬ್ಬಿಗೆ ಹಾಕ್ತಾನೆ. ನಾಲ್ಕೂ ಜನ ಹಾಗೇ. ನಿನಗೆ ಗೊತ್ತಿರಲಿಲ್ವಾ?"

ಗೊತ್ತಿರಲಿಲ್ಲ. ಹನ್ನೊಂದು ವರ್ಷ ಪ್ರತಿ ಭಾನುವಾರ ಪತ್ರಿಕೆ ಕೊಟ್ಟವಳು ಒಂದು ಭಾನುವಾರವೂ ಕೆಳಗೆ ಬಂದು, ಅದರ ಗತಿ ಏನಾಗುತ್ತದೆ ಎಂದು ನೋಡಿರಲಿಲ್ಲ. ಘಾಟಿಯ ತುದಿಯಲ್ಲಿ ಕೂತವರಿಗೆ ಎಲ್ಲವೂ ಕಾಣುತ್ತದೆ ಎನ್ನುತ್ತಾರೆ. ಸೇತುವೆ ಕಾಣುವುದಿಲ್ಲ.

"ಎಲ್ಲಿದ್ದಾರೆ?"

"ಹೋದ. ನಿನ್ನೆ ಮಧ್ಯಾಹ್ನದ ಹಡಗಿಗೆ. ಕೋರ್ಸಿಕಾದಲ್ಲಿ ಯಾರದೋ ದ್ರಾಕ್ಷಿ ತೋಟ, ಎರಡು ವರ್ಷದ ಗೋಡೆ ಕೆಲಸ. ಮೂರು ಸಲ ಕರೆದಿದ್ರು, ಮೂರು ಸಲವೂ ಬೇಡ ಅಂದಿದ್ದ. ಈ ಸಲ ಅವನೇ ಬರೆದ." ಬಟ್ಟೆಯ ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡು, ನನ್ನ ಭುಜದ ಮೇಲಿಂದ ಎಲ್ಲೋ ನೋಡುತ್ತ ಹೇಳಿದಳು: "'ಮೇಲಿನ ಬಾಗಿಲು ಮುಚ್ಚುತ್ತಲ್ಲಕ್ಕ, ಇನ್ನು ಭಾನುವಾರ ನಾನೆಲ್ಲಿಗೆ ಹೋಗ್ಲಿ' ಅಂದ."

ಬಸ್ಸಿನ ಹಾರ್ನು ಕೇಳಿಸಿತು. ನಮ್ಮಿಬ್ಬರಲ್ಲಿ ಯಾರೂ ಅಳಲಿಲ್ಲ. ಬೀದಿಯಲ್ಲಿ ಅಳುವ ರೂಢಿ ಇಲ್ಲ.

"ನೀನು ಅವನನ್ನ ಮೇಲಕ್ಕೆ ಕರ್ಕೊಂಡು ಹೋಗಿಬಿಡ್ತೀಯ ಅಂದ್ಕೊಂಡೆ," ಎಂದಳು ಎರ್ಸಿಲಿಯಾ. "ಹದಿನಾರು ಕಿಲೋಮೀಟರೇ ನನಗೆ ಜಾಸ್ತಿ ಅನ್ನಿಸ್ತು. ಅದಕ್ಕೇ ಅವನಿಗೆ ತೋರಿಸಲಿಲ್ಲ. ಈಗ ನೋಡು, ಸಮುದ್ರ."

ವಿಳಾಸ ಬಂದರೆ ತಿಳಿಸಿ ಎಂದೆ. ತಿಳಿಸ್ತೀನಿ ಎಂದಳು.

ತಿಳಿಸಲಿಲ್ಲ. ಅದು ಕೆಟ್ಟತನವಲ್ಲ. ವಿಳಾಸ ನನಗೆ ಸಿಕ್ಕರೆ ಬನಿಯನ್ನಿನ ಕಥೆ ಅವನಿಗೆ ಸಿಗುತ್ತದೆ, ಸಿಕ್ಕಿದರೆ ತಮ್ಮ ಮತ್ತೆ ತನ್ನ ಹೊಸ್ತಿಲು ತುಳಿಯಲಾರ ಎಂಬ ಹೆದರಿಕೆ ಅವಳಿಗೆ. ನಾನು ಅವಳಿಗೆ ಎರಡು ಸಲ ಬರೆದೆ. ಪಿನೊತ್ತೊಗೆ ಬರೆಯಬಹುದಿತ್ತು, ಆದರೆ ಮೂವತ್ತು ವರ್ಷ ಊರಿನ ಕಾಗದಗಳನ್ನು ಓದಿಯೇ ಹಂಚಿದವನು ಅವನು. ಮರ್ಯಾದೆ ಉಳಿಸಿಕೊಂಡೆ. ಈಗಲೂ ನನ್ನ ಬಳಿ ಇದೆ. ಏನು ಮಾಡುವುದೆಂದು ಗೊತ್ತಿಲ್ಲ.

ಜೆನೊವಾದ ಅಂಗಡಿಯ ಮುಂದೆ ಸೈಕಲ್ಲುಗಳು ಬರುವುದಿಲ್ಲ. ಶನಿವಾರ ಉಳಿದ ಪತ್ರಿಕೆಗಳನ್ನು ಕಟ್ಟುಕಟ್ಟಿ ವಾಪಸು ಕಳಿಸುತ್ತೇವೆ. ಮೂರನೇ ವರ್ಷ, ಮೇ ತಿಂಗಳಲ್ಲಿ, ಪಿನೊತ್ತೊ ಕಣ್ಣಿನ ಆಪರೇಷನ್ನಿಗೆಂದು ಬಂದವನು, ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ನನ್ನನ್ನು ಹುಡುಕಿ ಬಂದ. ಎದುರಿನ ಬಾರಿನಲ್ಲಿ ಕಾಫಿ ಕೊಡಿಸಿದೆ. ತಣ್ಣಗಿದೆ ಎಂದು ಗೊಣಗಿದ. ನನಗೆ ಊರಿಗೆ ಹೋದಂತಾಯಿತು.

"ನಮ್ಮ ಸಿಲ್ವಾನೊ ಮದುವೆ ಆದ, ಗೊತ್ತಾ?" ಎಂದ. "ಹೋದ ತಿಂಗಳು. ಆ ದ್ರಾಕ್ಷಿ ತೋಟದವಳೇ. ಗಂಡ ಸತ್ತವಳು, ಇಬ್ಬರು ಹೆಣ್ಣು ಮಕ್ಕಳು. ಒಳ್ಳೆಯವಳು. ನಾನೂ ಹಡಗು ಹತ್ತಿ ಹೋಗಿದ್ದೆ, ದಾರಿ ಪೂರ್ತಿ ವಾಂತಿ."

"ಒಳ್ಳೆಯದಾಯ್ತು."

"ಏನೊಳ್ಳೆಯದೋ. ಮದುವೆಗೆ ಮುಂಚೆ ಎರ್ಸಿಲಿಯಾ ಅವನ ಯಾವುದೋ ಹಳೇ ಬನಿಯನ್ನು ತಂದು ಕೊಟ್ಲು. ಅಕ್ಕ ತಮ್ಮ ಏನು ಮಾತಾಡಿದ್ರೋ. ಇವನು ಅದನ್ನ ತೊಡೆ ಮೇಲೆ ಇಟ್ಕೊಂಡು, ಕಟ್ಟಿ ಮುಗಿಯದ ಗೋಡೆ ಮೇಲೆ ಒಂದು ಮಧ್ಯಾಹ್ನ ಪೂರ್ತಿ ಕೂತಿದ್ದ. ನಾನು ಮದುವೆ ಮುರೀತು ಅಂದ್ಕೊಂಡೆ. ಸಂಜೆ ಎದ್ದು ಬಂದ. ಮಾತು ಕೊಟ್ಟಿದ್ನಲ್ಲ. ಮಕ್ಕಳು ಆಗ್ಲೇ ಅಪ್ಪ ಅಂತಿದ್ವು."

ನಾನು ಕಪ್ಪಿನೊಳಗೆ ನೋಡಿದೆ. ಸಿಲ್ವಾನೊ ಹಾಗೆಯೇ. ಬದಿಗೆ ಸರಿದು ದಾರಿ ಬಿಟ್ಟವನು ಮತ್ತೆ ಮುನ್ನುಗ್ಗುವವನಲ್ಲ.

"ಆಮೇಲಿಂದ ಒಂದು ಹುಚ್ಚು ಹಿಡಿದಿದೆ ಅವನಿಗೆ," ಪಿನೊತ್ತೊ ಚಮಚ ನೆಕ್ಕಿದ. "ಜನ್ಮದಲ್ಲಿ ಮುಟ್ಟದವನು, ಈಗ ಕಾಫಿಗೆ ಸಕ್ಕರೆ ಹಾಕ್ಕೋತಾನೆ. ಔಷಧಿ ಕುಡಿದ ಹಾಗೆ ಮುಖ ಕಿವುಚ್ಕೊಂಡು ಕುಡೀತಾನೆ. ಇಷ್ಟ ಇಲ್ದಿದ್ರೆ ಯಾಕಪ್ಪ ಹಾಕ್ಕೋತೀಯ ಅಂದ್ರೆ, ಇನ್ನೊಂದು ಗುಟುಕು ಕುಡೀತಾನೆ."

"ಎಷ್ಟು?" ಎಂದೆ.

"ಏನೆಷ್ಟು?"

"ಸಕ್ಕರೆ. ಎಷ್ಟು ತುಂಡು?"

ಪಿನೊತ್ತೊ ಪಟ್ಟಿಯಿಲ್ಲದ ಕಣ್ಣಿನಿಂದ ನನ್ನನ್ನು ವಿಚಿತ್ರವಾಗಿ ನೋಡಿ, ಎರಡು ಬೆರಳು ಎತ್ತಿ ತೋರಿಸಿದ.

ನಾನು ಕೇಳಿದ್ದು ಒಂದೇ.